ಎಲ್ಲರೂ ಮಂತ್ರಿಗಳಾದರೆ ಪ್ರಶ್ನೆ ಕೇಳುವವರು ಯಾರು?

(ಹಾಸನದಲ್ಲಿ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಶಿಕ್ಷಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೇ ಶಾಲಾ ಸಂಸತ್ತಿನ ಚುನಾವಣೆ ಬರುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ. ಈಗೀಗ ಮೊಬೈಲನ್ನೇ ಮತಯಂತ್ರ ಮಾಡಿಕೊಳ್ಳುವ ಶಾಲೆಗಳೂ ಇವೆ. ಮಕ್ಕಳು ಖುಷಿಯಿಂದ ಓಡಾಡುತ್ತಾರೆ, ನೀವೂ ತುಂಬಾ ಶ್ರಮ ಹಾಕುತ್ತೀರಿ. ಫಲಿತಾಂಶ ಬಂದ ಮೇಲೆ ಏನು ಮಾಡುತ್ತೇವೆ? ಗೆದ್ದವರಿಗೆಲ್ಲ ಖಾತೆ ಹಂಚುತ್ತೇವೆ. ಒಬ್ಬ ಪ್ರಧಾನಮಂತ್ರಿ, ಒಬ್ಬಳು ಶಿಕ್ಷಣ ಮಂತ್ರಿ. ಆಮೇಲೆ ಆರೋಗ್ಯ, ಆಹಾರ, ನೀರಾವರಿ, ಕ್ರೀಡೆ, ಸ್ವಚ್ಛತೆ. ಪ್ರಮಾಣವಚನ ಆಗುತ್ತದೆ, ಬ್ಯಾಡ್ಜ್ ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ. ಅಲ್ಲಿಗೆ ಮುಗೀತು.

ನನ್ನ ತಕರಾರು ಇಲ್ಲೇ ಇದೆ. ಸಂಸತ್ತು ಎಂದು ಹೆಸರಿಟ್ಟು ನಾವು ಕಟ್ಟುತ್ತಿರುವುದು ಮಂತ್ರಿಮಂಡಲವನ್ನು. ಅಲ್ಲಿ ವಿರೋಧ ಪಕ್ಷವಿಲ್ಲ. ಸ್ಪೀಕರ್ ಇದ್ದರೂ ಅವರಿಗೆ ಕೆಲಸವಿಲ್ಲ. ಸುಮ್ನೆ ಸದಸ್ಯನಾಗಿ ಕೂತು ‘ಇದು ಯಾಕೆ ಹೀಗೆ?’ ಎಂದು ಕೇಳುವ ಮಗು ಒಂದೂ ಇಲ್ಲ. ನಿಜವಾದ ಸಂಸತ್ತಿನ ಲೆಕ್ಕ ನೋಡಿ. 2003ರಲ್ಲಿ ಬಂದ ಸಂವಿಧಾನದ 91ನೇ ತಿದ್ದುಪಡಿ ಪ್ರಕಾರ, ಪ್ರಧಾನಿಯೂ ಸೇರಿ ಮಂತ್ರಿಗಳ ಸಂಖ್ಯೆ ಲೋಕಸಭೆಯ ಬಲದ ಶೇ 15ನ್ನು ಮೀರುವಂತಿಲ್ಲ. 543ಕ್ಕೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 81. ರಾಜ್ಯಸಭೆಯ 245 ಸ್ಥಾನ ಸೇರಿಸಿದರೆ ಎರಡೂ ಸದನಗಳಲ್ಲಿ 788 ಸ್ಥಾನಗಳು. ಅಂದರೆ ಉಳಿದ 700ಕ್ಕೂ ಜಾಸ್ತಿ ಜನ ಮಂತ್ರಿಗಳಾಗಲು ಸಾಧ್ಯವೇ ಇಲ್ಲ. ಅವರ ಕೆಲಸ ಏನು ಎಂದು ನಮ್ಮ ಮಕ್ಕಳನ್ನು ಕೇಳಿದರೆ ಬಹಳಷ್ಟು ಮಕ್ಕಳು ಸುಮ್ಮನಾಗುತ್ತಾರೆ. ನಾವು ಹೇಳಿಕೊಟ್ಟರೆ ತಾನೇ ಅವರಿಗೆ ಗೊತ್ತಾಗುವುದು?

ಪಾಠಪುಸ್ತಕದಲ್ಲಿ ಇರುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಸದಸ್ಯರಾಗಲು ಲೋಕಸಭೆಗೆ ಕನಿಷ್ಠ 25 ವರ್ಷ, ರಾಜ್ಯಸಭೆಗೆ 30. ಕರ್ನಾಟಕದಿಂದ ಲೋಕಸಭೆಗೆ 28 ಸ್ಥಾನ, ರಾಜ್ಯಸಭೆಗೆ 12. ಪರೀಕ್ಷೆಗೆ ಇದೆಲ್ಲ ಬೇಕು, ಒಂದು ಪೀರಿಯಡ್‌ನಲ್ಲಿ ಮುಗಿಸಬಹುದು. ತೊಂದರೆ ಬರುವುದು ‘ಮಸೂದೆ ಕಾನೂನಾಗುವ ಹಂತಗಳು’ ಎನ್ನುವ ಪಾಠದಲ್ಲಿ. ಪ್ರಥಮ ವಾಚನ, ದ್ವಿತೀಯ ವಾಚನ, ಸಮಿತಿ ಹಂತ, ವರದಿ ಹಂತ, ತೃತೀಯ ವಾಚನ, ರಾಷ್ಟ್ರಪತಿಗಳ ಅಂಕಿತ. ಮಕ್ಕಳು ಗುಣಾಕಾರದ ಮಗ್ಗಿ ಹಾಗೆ ಒಪ್ಪಿಸುತ್ತಾರೆ. ಮಸೂದೆ ಈ ಕಡೆಯಿಂದ ಒಳಗೆ ಹೋದರೆ ಆ ಕಡೆಯಿಂದ ಕಾಯ್ದೆಯಾಗಿ ಬಂದೇ ಬರುತ್ತದೆ ಎಂದು ನಂಬಿಬಿಡುತ್ತಾರೆ. ಮಸೂದೆ ನಿಲ್ಲುತ್ತದೆ, ಬಿದ್ದುಹೋಗುತ್ತದೆ, ಬದಲಾಗುತ್ತದೆ. ಇದನ್ನು ಅವರಿಗೆ ತೋರಿಸಬೇಕು. ಅದಕ್ಕೆ ಒಂದೇ ಒಂದು ಮಸೂದೆಯನ್ನು ಹಿಡಿದು ಅದರ ಹಿಂದೆಯೇ ಹೋಗುವುದು ಒಳ್ಳೆಯ ದಾರಿ.

ಹಾಸನದವರಿಗೆ ನಾನು ಸೂಚಿಸುವುದು ಮಹಿಳಾ ಮೀಸಲಾತಿ ಮಸೂದೆಯನ್ನು, ಅಂದರೆ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಮೀಸಲಿಡುವ ಮಸೂದೆಯನ್ನು. ಅದು ಮೊದಲ ಸಲ ಲೋಕಸಭೆಗೆ ಬಂದಿದ್ದು 1996ರ ಸೆಪ್ಟೆಂಬರ್ 12ರಂದು. ಆಗ ಪ್ರಧಾನಿಯಾಗಿದ್ದವರು ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್‌.ಡಿ. ದೇವೇಗೌಡರು. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಇಲ್ಲೇ ಇನ್ನೊಂದು ಪಾಠವೂ ಇದೆ. 1996ರ ಜೂನ್ 1ರಂದು ಅವರು ಪ್ರಮಾಣವಚನ ತೆಗೆದುಕೊಂಡಾಗ ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಆರು ತಿಂಗಳ ಒಳಗೆ ಸದಸ್ಯರಾಗಬೇಕು ಎಂದು ಸಂವಿಧಾನ ಹೇಳುತ್ತದೆ. ಅವರು ರಾಜ್ಯಸಭೆಗೆ ಆಯ್ಕೆಯಾದರು. ಎರಡು ಸದನ ಯಾಕೆ ಎಂದು ಕೇಳುವ ಮಗುವಿಗೆ ಇಲ್ಲಿಂದಲೇ ಶುರು ಮಾಡಬಹುದು.

ಆ ಮಸೂದೆಯನ್ನು ಎರಡೂ ಸದನಗಳ ಜಂಟಿ ಸಮಿತಿಗೆ ಕಳಿಸಿದರು. ಅಧ್ಯಕ್ಷರು ಗೀತಾ ಮುಖರ್ಜಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಮಿತಿಯ ವರದಿ ಬಂತು. ಆದರೆ ಆಳುವ ಪಕ್ಷಗಳ ಒಳಗೇ ಒಮ್ಮತ ಇರಲಿಲ್ಲ. 1997ರ ಏಪ್ರಿಲ್‌ನಲ್ಲಿ ದೇವೇಗೌಡರ ಸರ್ಕಾರ ವಿಶ್ವಾಸಮತ ಕಳೆದುಕೊಂಡಿತು. ವರ್ಷದ ಕೊನೆಗೆ ಲೋಕಸಭೆಯೇ ವಿಸರ್ಜನೆಯಾಯಿತು. ಅದರ ಜೊತೆ ಮಸೂದೆಯೂ ಬಿದ್ದುಹೋಯಿತು. 1998ರಲ್ಲಿ ಮತ್ತೆ ತಂದಾಗ ಸದಸ್ಯರೊಬ್ಬರು ಸದನದಲ್ಲೇ ಅದನ್ನು ಕಿತ್ತುಕೊಂಡು ಹರಿದರು. 1999ರಲ್ಲಿ ಇನ್ನೊಂದು ಸಲ ತಂದರು. ಆಗಲೂ ಆಗಲಿಲ್ಲ.

2008ರಲ್ಲಿ ಸರ್ಕಾರ ಅದನ್ನು ಮೊದಲು ರಾಜ್ಯಸಭೆಯಲ್ಲಿ ಮಂಡಿಸಿತು. ಯಾಕೆ ಅಲ್ಲಿ? ತರಗತಿಯಲ್ಲಿ ಈ ಪ್ರಶ್ನೆ ಹಾಕಿ, ಸ್ವಲ್ಪ ಹೊತ್ತು ಉತ್ತರ ಹೇಳಬೇಡಿ. ರಾಜ್ಯಸಭೆ ವಿಸರ್ಜನೆಯಾಗದ ಸದನ ಎಂದು ಅವರು ಬಾಯಿಪಾಠ ಮಾಡಿರುತ್ತಾರೆ. ಆ ಸಾಲಿನ ಉಪಯೋಗ ಇಲ್ಲಿ ಗೊತ್ತಾಗುತ್ತದೆ. ರಾಜ್ಯಸಭೆಯಲ್ಲೇ ಹುಟ್ಟಿ ಇನ್ನೂ ಅಲ್ಲೇ ಇರುವ ಮಸೂದೆ, ಲೋಕಸಭೆ ವಿಸರ್ಜನೆಯಾದರೂ ಬಿದ್ದುಹೋಗುವುದಿಲ್ಲ. 2010ರ ಮಾರ್ಚ್ 9ರಂದು ಅಲ್ಲಿ 186 ಮತಗಳಿಂದ ಅದು ಪಾಸಾಯಿತು. ವಿರುದ್ಧ ಬಿದ್ದಿದ್ದು ಒಂದೇ ಮತ. ಪಾಸಾಗಿ ಲೋಕಸಭೆಗೆ ಬಂತು, ಅಲ್ಲಿ ಕೂತಿತು. 2014ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಮುಗಿಯಿತು. ಒಂದು ಸದನ ಒಪ್ಪಿದ ಮಾತ್ರಕ್ಕೆ ಕಾನೂನು ಆಗುವುದಿಲ್ಲ ಎಂದು ನೂರು ಸಲ ಹೇಳುವ ಬದಲು ಈ ಘಟನೆ ಹೇಳಿ.

ಕೊನೆಗೆ 2023ರ ಸೆಪ್ಟೆಂಬರ್ 19ರಂದು, ಹೊಸ ಸಂಸತ್ ಭವನದಲ್ಲಿ ಕಲಾಪ ಶುರುವಾದ ದಿನವೇ ಲೋಕಸಭೆಯಲ್ಲಿ ಮಂಡನೆ. ಮರುದಿನ 454 ಪರ, 2 ವಿರುದ್ಧ. ಅದರ ಮರುದಿನ ರಾಜ್ಯಸಭೆಯಲ್ಲಿ 214 ಪರ, ವಿರುದ್ಧ ಯಾರೂ ಇಲ್ಲ. ಸೆಪ್ಟೆಂಬರ್ 28ಕ್ಕೆ ರಾಷ್ಟ್ರಪತಿಗಳ ಅಂಕಿತ. ಅದೇ 106ನೇ ತಿದ್ದುಪಡಿ. ಇಲ್ಲಿ ಬೋರ್ಡ್ ಮೇಲೆ ಲೆಕ್ಕ ಮಾಡಿಸಿ. ಸಂವಿಧಾನ ತಿದ್ದುಪಡಿಗೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು, ಅಂದರೆ 543ಕ್ಕೆ 272. ಅದರ ಜೊತೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು, ಅಂದರೆ 456ಕ್ಕೆ 304. ಎರಡು ಗೆರೆಯನ್ನೂ ದಾಟಬೇಕು. ಗಣಿತದ ಮೇಷ್ಟ್ರನ್ನು ಕರೆದುಕೊಂಡು ಬಂದರೂ ಆದೀತು.

ನನಗೆ ಬಹಳ ಮುಖ್ಯ ಅನ್ನಿಸಿದ ವಿಷಯ ಈಗ ಬರುತ್ತದೆ. 1996ರ ಮಸೂದೆಯಲ್ಲಿ ‘ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ’ ಎಂದು ಇತ್ತು. ಗೀತಾ ಮುಖರ್ಜಿ ಸಮಿತಿ ಅದನ್ನು ‘ಸಾಧ್ಯವಾದಷ್ಟು ಮೂರನೇ ಒಂದಕ್ಕೆ ಹತ್ತಿರ’ ಎಂಬ ಅರ್ಥ ಬರುವಂತೆ ಬದಲಿಸಲು ಹೇಳಿತು. ಮೀಸಲಾತಿ ಮೊದಲು 15 ವರ್ಷಕ್ಕೆ ಇರಲಿ, ದೆಹಲಿ ವಿಧಾನಸಭೆಗೂ ಅನ್ವಯಿಸಲಿ ಎಂದಿತು. 2023ರ ಕಾಯ್ದೆ ತೆಗೆದು ನೋಡಿ. ಮೂರೂ ಅಲ್ಲಿವೆ. ಅದಕ್ಕೂ 27 ವರ್ಷ ಹಿಂದೆ ಒಂದು ಕೋಣೆಯಲ್ಲಿ ಕೂತು ಮಾತಾಡಿದ್ದು ಉಳಿದುಕೊಂಡಿದೆ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಅಂಶ ಇದೆ. ಕಾಯ್ದೆ ಬಂದ ನಂತರದ ಮೊದಲ ಜನಗಣತಿ ಆಗಿ, ಅದರ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಮೀಸಲಾತಿ ಶುರು ಎನ್ನುವ ಅಂಶ. 2008ರ ಮಸೂದೆಯಲ್ಲಿ ಇದು ಇರಲಿಲ್ಲ. 2023ರಲ್ಲಿ ಮಸೂದೆ ಸಮಿತಿಗೆ ಹೋಗಲಿಲ್ಲ, ಮೂರು ದಿನದಲ್ಲಿ ಎರಡೂ ಸದನ ದಾಟಿತು. ಯಾವಾಗಿಂದ ಜಾರಿ ಎನ್ನುವ ಇಷ್ಟು ದೊಡ್ಡ ವಿಷಯವನ್ನು ಸಮಿತಿಯಲ್ಲಿ ಕೂತು ನೋಡಬೇಕಿತ್ತು ಎಂದೇ ನಾನು ನಂಬುತ್ತೇನೆ. ಸಾಕಷ್ಟು ಕಾದಿದ್ದೇವೆ, ಇನ್ನು ತಡ ಬೇಡ ಎನ್ನುವ ವಾದಕ್ಕೂ ತೂಕ ಇದೆ. ತರಗತಿಯಲ್ಲಿ ನಿಮ್ಮ ತೀರ್ಪು ಕೊಡಬೇಡಿ. ಎರಡು ಗುಂಪು ಮಾಡಿ, ಎರಡನ್ನೂ ಮಕ್ಕಳೇ ವಾದಿಸಲಿ.

ಈ ಪಾಠ ಮಾಡುವಾಗ ಮಕ್ಕಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಮ್ಮ ಪಂಚಾಯ್ತಿಯಲ್ಲಿ ಅರ್ಧಕ್ಕರ್ಧ ಹೆಂಗಸರು ಇದ್ದಾರಲ್ಲ, ಸಂಸತ್ತಿಗೆ ಯಾಕೆ ಇಷ್ಟು ವರ್ಷ ಬೇಕಾಯ್ತು?’ ಕರ್ನಾಟಕ 1983ರ ಕಾಯ್ದೆಯಲ್ಲೇ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತಿನಲ್ಲಿ ಮಹಿಳೆಯರಿಗೆ ಶೇ 25 ಇಟ್ಟಿತ್ತು, 1987ರಲ್ಲಿ ಚುನಾವಣೆಯೂ ಆಯ್ತು. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ತಂದ 73ನೇ ತಿದ್ದುಪಡಿ ದೇಶಕ್ಕೆಲ್ಲ ಬಂದಿದ್ದು ಆಮೇಲೆ. ಊರಿನ ಹೆಣ್ಣುಮಕ್ಕಳಿಗೆ ಇದು ಹೆಮ್ಮೆಯ ವಿಷಯ, ಅಲ್ವಾ? ಧಾರಾಳವಾಗಿ ಹೇಳಿ.

ಇನ್ನು ಮಕ್ಕಳ ಕೈಯಲ್ಲೇ ಮಸೂದೆ ಮಾಡಿಸುವ ವಿಷಯ. ಒಂದು ಶಾಲೆಯಲ್ಲಿ ನಾನು ಕೂತು ನೋಡಿದ್ದನ್ನು ಹೇಳುತ್ತೇನೆ. ಬಿಸಿಯೂಟ ಆದ ಮೇಲೆ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ದಿನಾ ನೂಕುನುಗ್ಗಲು. ಒಂಬತ್ತನೇ ತರಗತಿ ಮಕ್ಕಳು ಒಂದು ಮಸೂದೆ ಬರೆದರು. ಮೊದಲ ಸಾಲು: ‘ಚಿಕ್ಕವರಿಗೆ ಮೊದಲ ಸರದಿ.’ ಎಲ್ಲರೂ ಸರಿ ಸರಿ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಚಿಕ್ಕವರು ಅಂದ್ರೆ ಯಾರು ಸರ್? ತರಗತಿಯಲ್ಲಾ, ಎತ್ತರದಲ್ಲಾ?’ ಎಂದಳು. ಎಲ್ಲರೂ ನಕ್ಕರು. ಆದರೆ ಅವಳು ಕೇಳಿದ್ದೇ ಸರಿ. ‘ಚಿಕ್ಕವರು ಎಂದರೆ ಎಂಟನೇ ತರಗತಿಯವರು’ ಎಂದು ಇನ್ನೊಂದು ಸಾಲು ಸೇರಿಸಬೇಕಾಯಿತು. ಯಾವ ಕಾಯ್ದೆ ತೆಗೆದರೂ ಶುರುವಿನಲ್ಲಿ ಒಂದು ರಾಶಿ ವ್ಯಾಖ್ಯೆಗಳು ಯಾಕೆ ಇರುತ್ತವೆ ಎಂದು ಆ ತರಗತಿಗೆ ಮತ್ತೆ ಹೇಳಬೇಕಾಗಿಲ್ಲ.

ಎರಡನೇ ಸಾಲು: ‘ನುಗ್ಗಿದವರಿಗೆ ಶಿಕ್ಷೆ ಕೊಡಬೇಕು.’ ಏನು ಶಿಕ್ಷೆ, ಯಾರು ಕೊಡಬೇಕು? ‘ಹೆಡ್ ಮಾಸ್ಟರ್ ತೀರ್ಮಾನ ಮಾಡಲಿ’ ಎಂದು ಬಿಟ್ಟರು. ಸಂಸತ್ತೂ ಎಷ್ಟೋ ಸಲ ಹೀಗೇ ಮಾಡುತ್ತದೆ. ಕಾಯ್ದೆಯಲ್ಲಿ ಚೌಕಟ್ಟು ಹಾಕಿ, ಉಳಿದ ವಿವರಗಳ ನಿಯಮ ಮಾಡುವುದನ್ನು ಸರ್ಕಾರಕ್ಕೆ ಬಿಡುತ್ತದೆ. ಎಷ್ಟು ಬಿಡಬೇಕು ಎನ್ನುವುದೇ ಜಗಳ. ಆ ತರಗತಿಯಲ್ಲೂ ಅದೇ ಜಗಳ ಆಯ್ತು.

ಆಮೇಲೆ ನಾಲ್ಕು ಮಕ್ಕಳ ಸಮಿತಿ ಮಾಡಿದರು. ಅವರು ಹೋಗಿ ಅಡುಗೆ ಅಕ್ಕನನ್ನು ಮಾತಾಡಿಸಿಕೊಂಡು ಬಂದರು. ಆಕೆ ಹೇಳಿದ್ದು ಬೇರೆಯೇ. ಅನ್ನದ ದೊಡ್ಡ ಪಾತ್ರೆಗಳನ್ನು ಅದೇ ಹೊತ್ತಿಗೆ ತೊಳೆಯುತ್ತಾರಂತೆ, ಟ್ಯಾಂಕ್ ನೀರು ಅರ್ಧಕ್ಕೇ ಖಾಲಿಯಾಗುತ್ತದಂತೆ. ನೀರು ಮುಗಿದುಹೋದೀತು ಎಂಬ ಭಯಕ್ಕೇ ಮಕ್ಕಳು ನುಗ್ಗುತ್ತಿದ್ದರು. ಸಮಿತಿ ಬಂದು ವರದಿ ಕೊಟ್ಟಿತು: ಮಕ್ಕಳ ತಟ್ಟೆ ಆಗುವವರೆಗೆ ದೊಡ್ಡ ಪಾತ್ರೆ ತೊಳೆಯುವುದು ಬೇಡ, ಅದಕ್ಕೆ ಅಕ್ಕ ಒಪ್ಪಿದ್ದಾರೆ. ಮಸೂದೆಯ ಮುಖವೇ ಬದಲಾಯಿತು, ಶಿಕ್ಷೆಯ ಸಾಲು ಬಿದ್ದುಹೋಯಿತು. ಸಂಸತ್ತಿನ ಸ್ಥಾಯಿ ಸಮಿತಿಗಳು ಮಾಡಬೇಕಾದ ಕೆಲಸ ಇದೇ. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಿಂದ ಇವೆ. ಈಗ 24, ಒಂದೊಂದರಲ್ಲಿ ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರು. ಅಧಿಕಾರಿಗಳನ್ನು, ತಜ್ಞರನ್ನು, ಕಾನೂನಿನ ಬಿಸಿ ತಾಗುವ ಜನರನ್ನು ಕರೆಸಿ ಕೇಳುತ್ತಾರೆ. ಟಿವಿಯಲ್ಲಿ ಕಾಣುವ ಗಲಾಟೆ ಮಾತ್ರ ನೋಡಿ ಬೆಳೆದ ಮಕ್ಕಳಿಗೆ ಈ ಕೋಣೆಗಳ ವಿಷಯ ನಾವಲ್ಲದೆ ಯಾರು ಹೇಳುತ್ತಾರೆ?

ಮತ ಹಾಕಿಸುವಾಗ ಎರಡು ಸಲ ಹಾಕಿಸಿ. ಮೊದಲು ಅವರವರ ಮನಸ್ಸಿಗೆ ಬಂದಂತೆ. ಎರಡನೇ ಸಲ ಪಕ್ಷ ಮಾಡಿ, ವಿಪ್ (ಹೀಗೇ ಮತ ಹಾಕಿ ಎನ್ನುವ ಪಕ್ಷದ ಆದೇಶ) ಕೊಟ್ಟು. 1985ರ 52ನೇ ತಿದ್ದುಪಡಿಯ ನಂತರ, ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯ ಸ್ಥಾನ ಕಳೆದುಕೊಳ್ಳಬಹುದು. ಎರಡು ಫಲಿತಾಂಶ ಬೇರೆ ಬೇರೆ ಬಂದರೆ ಪಕ್ಷಾಂತರ ನಿಷೇಧದ ಪಾಠ ತಾನಾಗಿ ಶುರುವಾಗುತ್ತದೆ.

ಈಗ ಪ್ರಶ್ನೆ ಕೇಳುವ ಕೆಲಸಕ್ಕೆ ಬರೋಣ. ಲೋಕಸಭೆಯಲ್ಲಿ ಬೆಳಗ್ಗೆ 11 ಗಂಟೆಗೆ ಪ್ರಶ್ನೋತ್ತರ ವೇಳೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು. ಅವಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಉಳಿದವಕ್ಕೆ ಲಿಖಿತ ಉತ್ತರ. ಸಕಲೇಶಪುರ ಕಡೆಯ ಮಕ್ಕಳಿಗೆ ಕಾಫಿ ಬಗ್ಗೆ ಒಂದು ಪ್ರಶ್ನೆ ಬರೆಯಲು ಹೇಳಿ. ಬಹಳಷ್ಟು ಮಕ್ಕಳು ಕೃಷಿ ಸಚಿವರಿಗೆ ಬರೆಯುತ್ತಾರೆ. ಕಾಫಿ ಬೋರ್ಡ್ ಇರುವುದು ವಾಣಿಜ್ಯ ಮತ್ತು ಕೈಗಾರಿಕೆ ಸಚಿವಾಲಯದ ಕೆಳಗೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಕಾಫಿ ಬೋರ್ಡಿನದೇ. ಕೃಷಿ ರಾಜ್ಯಪಟ್ಟಿಯಲ್ಲಿದೆ ಎಂದು ನಾವು ಪಾಠ ಮಾಡುತ್ತೇವೆ, ಆದರೆ ಕಾಫಿಗೆ 1942ರಿಂದ ಕೇಂದ್ರದ ಕಾಯ್ದೆ ಇದೆ. ತೋಟದ ಮಕ್ಕಳ ಮನೆಯಲ್ಲಿ ಹಿರಿಯರನ್ನು ಕೇಳಿದರೆ, ಬೆಳೆದ ಕಾಫಿಯನ್ನೆಲ್ಲ ಬೋರ್ಡಿಗೇ ಕೊಡಬೇಕಿದ್ದ ಕಾಲ ನೆನಪಿರುತ್ತದೆ. 1990ರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲವಾಯಿತು. ದೆಹಲಿಯ ಒಂದು ಕಾಯ್ದೆ ಕಣದಲ್ಲಿ ಒಣಗುವ ಬೀಜದವರೆಗೂ ಬಂದಿತ್ತು ಎಂದು ಮಕ್ಕಳು ಅಜ್ಜನ ಬಾಯಲ್ಲೇ ಕೇಳಲಿ.

ಆನೆಯ ವಿಷಯವೂ ಹಾಗೆಯೇ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಡುತ್ತಿದೆ ಎಂದರೆ ಮಕ್ಕಳು ಶಾಲೆಗೆ ಬರುವ ದಾರಿಯೇ ಬದಲಾಗುತ್ತದೆ. ವನ್ಯಜೀವಿ ಮೊದಲು ರಾಜ್ಯದ ವಿಷಯವಾಗಿತ್ತು. ಕೆಲವು ರಾಜ್ಯಗಳು ನಿರ್ಣಯ ಮಾಡಿ ಕೇಳಿದ ಮೇಲೆ ಸಂಸತ್ತು 1972ರ ಕಾಯ್ದೆ ಮಾಡಿತು. 1976ರ 42ನೇ ತಿದ್ದುಪಡಿಯಲ್ಲಿ ಆ ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋಯಿತು. ಈಗ ಕಾಯ್ದೆ ಸಂಸತ್ತಿನದು, ಊರಿಗೆ ಬರುವ ಸಿಬ್ಬಂದಿ ಮತ್ತು ಬೆಳೆ ಪರಿಹಾರ ರಾಜ್ಯ ಅರಣ್ಯ ಇಲಾಖೆಯದು. ಯಾವ ಪ್ರಶ್ನೆ ಯಾರಿಗೆ ಎಂದು ಮಕ್ಕಳು ಬಿಡಿಸಿ ಬರೆಯಲಿ. ಕೇಂದ್ರ, ರಾಜ್ಯ, ಸಮವರ್ತಿ ಎನ್ನುವ ಮೂರು ಪಟ್ಟಿಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಚಿಕ್ಕಮಗಳೂರಿನ 1978ರ ಉಪಚುನಾವಣೆಯನ್ನೂ ಬಿಡಬೇಡಿ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನದಿಂದ ಇಂದಿರಾ ಗಾಂಧಿ ನವೆಂಬರ್‌ನಲ್ಲಿ ಗೆದ್ದರು. ಡಿಸೆಂಬರ್ 19ಕ್ಕೆ ಲೋಕಸಭೆ ಹಕ್ಕುಚ್ಯುತಿಯ (ಸದನದ ಹಕ್ಕಿಗೆ ಧಕ್ಕೆ ತಂದ) ಕಾರಣಕ್ಕೆ ಅವರನ್ನು ಸದನದಿಂದ ಹೊರಹಾಕಿ, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಚುನಾವಣೆಯ ಕಥೆ ಇಲ್ಲಿ ಎಲ್ಲರಿಗೂ ಗೊತ್ತು, ಮುಂದಿನ ಅರ್ಧ ಯಾರೂ ಹೇಳುವುದಿಲ್ಲ. ಸದನಕ್ಕೆ ಎಷ್ಟು ಅಧಿಕಾರ ಇದೆ, ಬಹುಮತ ಇದ್ದವರು ಅದನ್ನು ಹೇಗೆ ಬಳಸಬಹುದು, ಎರಡನ್ನೂ ದೊಡ್ಡ ಮಕ್ಕಳ ಜೊತೆ ಮಾತಾಡಿ.

ಇನ್ನು ನೀವು ಕೇಳಿದ ಪ್ರಶ್ನೆಗಳು.

‘ಸಿಲೆಬಸ್ ಮುಗಿಸೋದೇ ಕಷ್ಟ, ಇದಕ್ಕೆಲ್ಲ ಟೈಮ್ ಎಲ್ಲಿದೆ ಸರ್?’ ಎಂದು ಒಬ್ಬರು ಕೇಳಿದರು. ಎಲ್ಲವನ್ನೂ ಮಾಡಬೇಡಿ. ವರ್ಷಕ್ಕೆ ಒಂದು ಮಸೂದೆ ಸಾಕು. ಶಾಲಾ ಸಂಸತ್ತಿನ ಚುನಾವಣೆಗೆ ಹೇಗೂ ಒಂದು ದಿನ ಕೊಡುತ್ತೀರಿ. ಪ್ರಮಾಣವಚನದ ಹೊತ್ತು ಕಡಿಮೆ ಮಾಡಿ, ಆ ಸಂಸತ್ತು ತಿಂಗಳಿಗೊಮ್ಮೆ ಒಂದು ಪೀರಿಯಡ್ ಸೇರುವಂತೆ ಮಾಡಿ.

‘ಪಕ್ಷದ ಮಾತು ಬಂದರೆ ಪೋಷಕರು ಜಗಳಕ್ಕೆ ಬರ್ತಾರೆ’ ಎಂದರು ಮೇಡಂ ಒಬ್ಬರು. ಈ ಭಯ ನಿಜ. ದಿನಾಂಕ, ಮತಗಳ ಸಂಖ್ಯೆ, ಸದನದಲ್ಲಿ ಆಡಿದ ಮಾತು, ಇಷ್ಟಕ್ಕೇ ನಿಲ್ಲಿ. ಸದನದ ಚರ್ಚೆಗಳು, ಪ್ರಶ್ನೆಗಳು, ಮಸೂದೆಗಳು ಸಂಸತ್ತಿನ ಜಾಲತಾಣದಲ್ಲೇ ಸಿಗುತ್ತವೆ. ದಾಖಲೆ ಓದಿಸಿದರೆ ನಿಮ್ಮ ಬಾಯಿಂದ ಬಂದ ಮಾತು ಎಂದು ಯಾರೂ ಹೇಳಲಾಗದು. ಇಂಗ್ಲಿಷ್‌ನಲ್ಲಿ ಇದ್ದರೆ ಒಂದೆರಡು ಪ್ಯಾರಾ ನೀವೇ ಕನ್ನಡಕ್ಕೆ ಮಾಡಿಕೊಡಿ. ಲೋಕಸಭೆ ಎಂದರೆ ಇಂಗ್ಲಿಷ್, ಹಿಂದಿ ಬಂದವರಿಗೆ ಮಾತ್ರ ಎಂದು ಮಕ್ಕಳು ಅಂದುಕೊಂಡಿರುತ್ತಾರೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲೇ ಮಾತಾಡಿದ್ದನ್ನು ಹೇಳಿ.

‘ಪ್ರಶ್ನೆ ಕೇಳೋ ಅಭ್ಯಾಸ ಆದ್ರೆ ಆಮೇಲೆ ನಮ್ಮನ್ನೇ ಕೇಳ್ತಾರಲ್ಲ?’ ಕೇಳಲಿ. ಆದರೆ ಸದನದಲ್ಲಿ ಇರುವ ಹಾಗೆ ಮೊದಲೇ ಬರೆದು ನೋಟಿಸ್ ಕೊಡಲಿ, ಸರದಿಯಲ್ಲಿ ಕೇಳಲಿ, ಉತ್ತರ ಮುಗಿಯುವವರೆಗೆ ಕೂತಿರಲಿ. ಟ್ಯಾಂಕ್ ಯಾವಾಗ ರಿಪೇರಿ ಎಂದು ಕೇಳಿದ ಮಗುವಿಗೆ ಒಂದು ದಿನಾಂಕ ಹೇಳುವುದು ನಮ್ಮ ಕೆಲಸ.

ಕೊನೆಯದಾಗಿ, ಕಡೂರಿನಿಂದ ಬಂದಿದ್ದ ಶಿಕ್ಷಕರು, ಮಕ್ಕಳಿಂದ ಸಂಸದರಿಗೆ ಪತ್ರ ಬರೆಸಬಹುದಾ ಎಂದು ಕೇಳಿದರು. ಖಂಡಿತ ಬರೆಸಿ. ಮೊದಲು ಕ್ಷೇತ್ರ ಯಾವುದು ನೋಡಿಕೊಳ್ಳಿ. ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಹಾಸನ ಕ್ಷೇತ್ರಕ್ಕೆ ಸೇರಿದೆ. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ಉಡುಪಿ ಜೊತೆ ಇವೆ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಹಾಗಾಗಿ ಮಳೆಗಾಲದ ಅಧಿವೇಶನ ಜುಲೈನಲ್ಲಿ ಶುರುವಾಗುವುದಾದರೆ ಪತ್ರ ಜೂನ್‌ನಲ್ಲೇ ಹೋಗಲಿ. ಒಂದು ಪತ್ರಕ್ಕೆ ಒಂದೇ ಪ್ರಶ್ನೆ, ಕೆಳಗೆ ಶಾಲೆಯ ವಿಳಾಸ, ಮತ್ತೆ ಒಂದು ಜೆರಾಕ್ಸ್ ಪ್ರತಿ ಶಾಲೆಯ ಫೈಲಿನಲ್ಲಿ ಇರಲಿ.